ಮಾಯವ್ವ ಮತ್ತು ರವದಿಯ ಬೆಂಕಿ

ಮಾಯವ್ವನ ಕಿರುಚಾಟ ಕೇಳಿದಾಗ ನಾನು ನಮ್ಮ ಹೊಲದ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದೆ. ೧೯೯೨ರ ಫೆಬ್ರುವರಿ, ಮಧ್ಯಾಹ್ನದ ಹೊತ್ತು. ನಮ್ಮ ರನ್ನ ಬೆಳಗಲಿಯಲ್ಲಿ ಕಬ್ಬು ಕಡಿದು ಮುಗಿದ ಮೇಲೆ ಉಳಿದ ಒಣ ಎಲೆಗೆ, ಅಂದರೆ ರವದಿಗೆ, ಬೆಂಕಿ ಇಡುವುದು ವರ್ಷವೂ ನಡೆಯುವ ಕೆಲಸ. ಹೊಗೆ ಕಂಡರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಓಡಿ ಹೋಗಿ ನೋಡಿದರೆ ಯಮನಪ್ಪನ ಹೊಲದ ಬೆಂಕಿ ಗಾಡಿದಾರಿ ದಾಟಿ ಹಾಲಸಿದ್ದಪ್ಪನ ಕುರಿಹಟ್ಟಿಗೆ ಹತ್ತಿತ್ತು. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಹಟ್ಟಿಯೊಳಗೆ ಇದ್ದದ್ದು ಮರಿಗಳು ಮಾತ್ರ, ಮೂವತ್ತೊಂದು. ಸುತ್ತ ಕಟ್ಟಿದ್ದ ಒಣ ಜಾಲಿಮುಳ್ಳಿನ ಬೇಲಿ ಚಟಚಟನೆ ಉರಿಯುತ್ತಿತ್ತು. ಹಾಲಸಿದ್ದಪ್ಪನ ಮಗಳು ಮಾಯವ್ವ, ಹತ್ತೊಂಬತ್ತರ ಹುಡುಗಿ, ನೀರು ತರಲು ಕಾಲುವೆಗೆ ಹೋದವಳು ಕೊಡ ಎಸೆದು ಓಡಿ ಬಂದಿದ್ದಳು. ನಾನು ನೋಡುತ್ತಿದ್ದಂತೆ ಉರಿಯುವ ಮುಳ್ಳನ್ನು ಬರಿಗೈಯಿಂದ ಎಳೆದು ಒಳಗೆ ನುಗ್ಗಿದಳು. ಎರಡು ಸಲ ಹೊರಗೆ ಬಂದಳು, ಎರಡೂ ಸಲ ಮಡಿಲ ತುಂಬ ಮರಿಗಳಿದ್ದವು. ಮೂರನೆಯ ಸಲ ಹೋಗಲು ನಾನು ಬಿಡಲಿಲ್ಲ, ಸೊಂಟ ಹಿಡಿದು ಎಳೆದುಕೊಂಡೆ. ಅವಳು ನನ್ನ ತೋಳು ಕಚ್ಚಿದಳು.

ಎಂಟು ಮರಿ ಉಳಿದವು. ಉಳಿದ ಇಪ್ಪತ್ಮೂರರ ಕೂಗು ಒಮ್ಮೆಲೇ ನಿಂತಿತು. ಆ ಕೂಗಿಗಿಂತ ಅದು ನಿಂತದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಸಂಜೆ ತಾಯಿಕುರಿಗಳು ಮರಳಿ ಬಂದು ಬೂದಿಯ ಸುತ್ತ ಮೂಸುತ್ತ ತಿರುಗಿದವು. ಅವುಗಳ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಲಾರದೆ ಗಂಡಸರೇ ಮುಖ ತಿರುಗಿಸಿದರು.

ನಾನು ಆಗ ಮುಧೋಳದಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಭೂಮಿ ಬಿಸಿಯಾಗುತ್ತಿದೆ, ಹೊಗೆ ಆಕಾಶದಲ್ಲಿ ತುಂಬುತ್ತಿದೆ, ಮಳೆಗಾಳಿಯ ಲೆಕ್ಕ ತಪ್ಪುತ್ತಿದೆ ಎಂದು ಪತ್ರಿಕೆಗಳಲ್ಲಿ ಬಂದದ್ದನ್ನು ಕತ್ತರಿಸಿ ಇಟ್ಟುಕೊಂಡು ಊರಿನ ಹುಡುಗರಿಗೆ ಓದಿ ಹೇಳುತ್ತಿದ್ದೆ. ಅವರು ಆಕಳಿಸುತ್ತ ಕೇಳುತ್ತಿದ್ದರು. ನಮ್ಮ ಹೊಲದ ರವದಿಯನ್ನೂ ನಮ್ಮಪ್ಪ ಸುಡುತ್ತಿದ್ದ. ನಾನು ತಡೆದಿರಲಿಲ್ಲ.

ಮರುದಿನ ಹತ್ತು ಹುಡುಗರು ಕೂಡಿ ಯಮನಪ್ಪನನ್ನು ಬೀರೇಶ್ವರ ಗುಡಿಯ ಕಟ್ಟೆಯ ಮುಂದೆ ನಿಲ್ಲಿಸಿದೆವು. ನಾನೇ ಮುಂದಾಳು.

"ನಿಮಗ ಕಣ್ಣ ಇರಲಿಲ್ಲೇನ್ರಿ? ಬಾಜೂಕ ಹಟ್ಟಿ ಐತಿ ಅನ್ನೂದು ಗೊತ್ತಿರಲಿಲ್ಲೇನು?" ಎಂದು ಕೂಗಾಡಿದೆ.

ಅರವತ್ತರ ಯಮನಪ್ಪ ತಲೆ ತಗ್ಗಿಸಿ ನಿಂತಿದ್ದ. "ತಪ್ಪಾತಪ್ಪಾ, ಹೊಲಾ ನಂದು, ತಪ್ಪೂ ನಂದ" ಎಂದನೇ ಹೊರತು ಬೇರೆ ಮಾತಾಡಲಿಲ್ಲ. ಯಾರೋ ಅವನ ರುಮಾಲಿಗೆ ಕೈ ಹಾಕಿದರು. ಆಗ ಹಿಂದಿನಿಂದ ಹಾಲಸಿದ್ದಪ್ಪ ಎದ್ದು ಬಂದ.

"ಅಂವನ್ನ ಬಿಡ್ರೋ. ಬೆಂಕಿ ಹಚ್ಚಿದಾಂವ ನಾನು."

ಎರಡೂ ಕೈಗೆ ಪಟ್ಟಿ ಸುತ್ತಿಸಿಕೊಂಡು ಗುಡಿಯ ಕಂಬಕ್ಕೆ ಒರಗಿದ್ದ ಮಾಯವ್ವನ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು.

"ಗಾಳಿ ನೋಡಿ ಬೆಂಕಿ ಹಚ್ಚಾಕ ಎಲ್ಲಾರೂ ನನ್ನ ಕರೀತಾರ" ಎಂದ ಹಾಲಸಿದ್ದಪ್ಪ. ಧ್ವನಿ ಒಡೆದಿತ್ತು. "ಇಪ್ಪತ್ತ ವರ್ಷ ಆತು, ಈ ತಿಂಗಳದಾಗ ಈ ಹೊತ್ತಿನ್ಯಾಗ ಮೂಡಲ ಗಾಳಿನ ಇರತೈತಿ. ಹಟ್ಟಿ ಮೂಡಲಕ್ಕ ಐತಿ, ಬೆಂಕಿ ಪಡುವಲಕ್ಕ ಹೊಕ್ಕೈತಿ, ಕಾಳಜಿ ಇಲ್ಲ ಅಂತ ಹಚ್ಚಿ ಕುರಿ ಹೊಡಕೊಂಡು ಹೋದ್ನಿ. ಗಾಳಿ ಹೊಳ್ಳಿತು. ಹಿಂಗ ಎಂದೂ ಹೊಳ್ಳಿರಲಿಲ್ಲ."

"ಯಪ್ಪಾ..." ಎಂದಳು ಮಾಯವ್ವ. ಅಷ್ಟೇ. ಎದ್ದು ಹೋದಳು. ನಾಲ್ಕು ದಿನ ಅಪ್ಪನ ಕೈಯಿಂದ ನೀರೂ ಕುಡಿಯಲಿಲ್ಲವೆಂದು ಆಮೇಲೆ ಅವಳ ಗೆಳತಿ ಶೇವಂತಿ ಹೇಳಿದಳು.

ಐದನೆಯ ದಿನ ಅವಳೇ ಶೇವಂತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು.

"ದಶರಥಣ್ಣಾ, ಈ ಬೆಂಕಿ ಹಚ್ಚೂದು ಬಿಡಸೂಣು ಬಾ."

ನಾನು ಕಪಾಟಿನಿಂದ ಪತ್ರಿಕೆಯ ತುಣುಕುಗಳನ್ನು ತೆಗೆದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಅದನ್ನ ಇಲ್ಲೇ ಇಡು. ನಾ ಕೈ ತೋರಸ್ತೀನಿ."

ಹಾಗೆ ಮನೆಮನೆ ತಿರುಗಲು ಶುರುವಾಯಿತು. ನಾವು ಏಳು ಜನ. ಮಾಯವ್ವ ಪಟ್ಟಿ ಬಿಚ್ಚಿ ಸುಲಿದ ಅಂಗೈಗಳನ್ನು ಮುಂದೆ ಹಿಡಿಯುತ್ತಿದ್ದಳು. ಆ ಕೈ ನೋಡಿದ ಮೇಲೆ ಜನ ತಮ್ಮ ಮನೆಯ ಸುದ್ದಿ ತೆಗೆದರು. ಒಬ್ಬನ ಎತ್ತಿನ ಕಣ್ಣು ಹೋಗಿತ್ತು. ಒಬ್ಬಳ ಮಗನ ಪಾದ ಸುಟ್ಟಿತ್ತು. ಕಡೆಯ ಓಣಿಯಲ್ಲಿ ಮುದುಕಿ ಅನಸವ್ವ ಮಾಯವ್ವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಕೂತಳು.

"ನಮ್ಮ ಮನಿಯಾಂವ ಎದಿ ನೋವಿನಿಂದ ಸತ್ತಾನಂತ ಎಲ್ಲಾರೂ ಅಂತಾರ. ಎದಿ ನೋವಲ್ಲವ್ವಾ. ರವದಿ ಹೊಗಿಯಾಗ ಸಿಕ್ಕೊಂಡು ಹೊರಗ ಬರಾಕ ಆಗಲಿಲ್ಲ."

ನಾನು ಹುಟ್ಟಿ ಬೆಳೆದ ಊರು. ಆ ಮುದುಕನ ಮಣ್ಣಿಗೆ ನಾನೂ ಹೋಗಿದ್ದೆ. ಹಿರಿಯರಿಗೆಲ್ಲ ಇದು ಗೊತ್ತಿತ್ತಂತೆ.

ಮೊದಲು ಒಪ್ಪಿದವನು ಯಮನಪ್ಪ. ಸುಡದೆ ಉಳಿದಿದ್ದ ಅರ್ಧ ಎಕರೆಯನ್ನು ನಮಗೆ ಬಿಟ್ಟ. ರವದಿಯನ್ನು ಎಳೆದು ಸಾಲು ಬಿಟ್ಟು ಸಾಲಿಗೆ ಹಾಸಿದೆವು. ಎಲೆಯ ಅಂಚು ಕೊಯ್ದು ತೋಳೆಲ್ಲ ಗೀರಾಯಿತು. ಮಾಯವ್ವ ಕೈ ಬಳಸುವಂತಿರಲಿಲ್ಲ, ಕಾಲಿನಿಂದ ತುಳಿದು ತುಳಿದು ಅದುಮಿದಳು. ದಾರಿಯಲ್ಲಿ ಹೋಗುವವರು "ಇಲಿಗೋಳಿಗೆ ಗಾದಿ ಹಾಸ್ಯಾರ ನೋಡ್ರಿ" ಎಂದು ನಕ್ಕರು. ಇಲಿಗಳೂ ಬಂದವು, ಸುಳ್ಳಲ್ಲ.

ಮೂರನೆಯ ದಿನ ಹಾಲಸಿದ್ದಪ್ಪ ಯಾರೂ ಕರೆಯದೆಯೇ ತನ್ನ ಕುರಿಗಳನ್ನು ಹೊಡೆದುಕೊಂಡು ಬಂದು ಹಾಸಿದ ರವದಿಯ ಮೇಲೆ ನಿಲ್ಲಿಸಿದ. "ಹಿಕ್ಕಿ, ಉಚ್ಚಿ ಬಿದ್ರ ಲಗೂನ ಕೊಳೀತೈತಿ" ಎಂದ, ಮಗಳ ಕಡೆ ನೋಡದೆ. ಮಾಯವ್ವ, "ಯಪ್ಪಾ, ಆ ತುದಿಗೂ ಹೊಡಿ, ಅಲ್ಲಿ ದಪ್ಪ ಐತಿ" ಎಂದಳು. ಮುದುಕ ಟವೆಲ್ಲಿನಿಂದ ಮುಖ ಒರೆಸಿಕೊಂಡು ಆ ತುದಿಗೆ ಹೋದ.

ಏಪ್ರಿಲ್‌ನಲ್ಲಿ ಕಾಲುವೆ ನೀರು ಇಪ್ಪತ್ತೆರಡು ದಿನ ನಿಂತಿತು. ಸುಟ್ಟ ಹೊಲಗಳಲ್ಲಿ ಕಡಿದ ಬುಡದಿಂದ ಚಿಗುರಿದ್ದ ಕೂಳೆ ಕಬ್ಬು ಸುರುಳಿ ಸುತ್ತಿತು. ಯಮನಪ್ಪ ನನ್ನನ್ನು ಕರೆದು ಅರ್ಧ ಎಕರೆಯ ರವದಿ ಸರಿಸಿ ಮಣ್ಣು ಹಿಡಿದು ತೋರಿಸಿದ. ತಣ್ಣಗೆ, ಹಸಿಯಾಗಿತ್ತು. ನನ್ನ ಪತ್ರಿಕೆಗಳಲ್ಲಿ ಎಷ್ಟೋ ಓದಿದ್ದೆ, ಆದರೂ ನನಗೇ ನಂಬಲಾಗಲಿಲ್ಲ.

ಮುಂದಿನ ವರ್ಷ ಹತ್ತೊಂಬತ್ತು ಮಂದಿ ಬೆಂಕಿ ಹಚ್ಚಲಿಲ್ಲ. ಅವರಲ್ಲಿ ನಮ್ಮಪ್ಪನೂ ಒಬ್ಬ. ಉಳಿದವರೆಲ್ಲ ಹಚ್ಚಿದರು, ಹೊಗೆ ಇತ್ತು. ಹಾಲಸಿದ್ದಪ್ಪ ಯಾರು ಕರೆದರೂ ಹೋಗಲಿಲ್ಲ.

ಮಾಯವ್ವನ ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ೧೯೯೫ರಲ್ಲಿ ಅವಳನ್ನು ಹೊಳೆ ದಂಡೆಯ ಅನಗವಾಡಿಗೆ ಕೊಟ್ಟರು. ಅಲ್ಲಿಯೂ ಕಬ್ಬು, ಅಲ್ಲಿಯೂ ಬೆಂಕಿ. ಹೊಸ ಸೊಸೆ ಗಂಡಸರಿಗೆ ಬುದ್ಧಿ ಹೇಳುತ್ತಾಳೆಂದು ಮೊದಮೊದಲು ಅತ್ತೆಯ ಮನೆಯಲ್ಲಿ ಜಗಳವಾಯಿತಂತೆ. ಮರುವರ್ಷ ಅವಳ ಗಂಡ ಸಿದರಾಯ ನನ್ನನ್ನು ಹುಡುಕಿಕೊಂಡು ಬಂದ.

"ನಮ್ಮೂರಾಗ ಹುಡುಗೋರು ಒಂಬತ್ತ ಮಂದಿ ಕೂಡ್ಯಾರ್ರಿ. ರವದಿ ಹ್ಯಾಂಗ ಹಾಸೂದಂತ ಕೇಳಾಕತ್ತಾರ. ಸೋಮವಾರ ಬರ್ತೀರೇನು?" ಎಂದ.

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ನಾನು, ಶೇವಂತಿ ಇಬ್ಬರೂ ಹೊರಟೆವು.