ಮುಖ್ಯ ಪ್ರಧಾನರ ಮೋಟಾರು ನಿಲ್ಲಿಸಿದ್ದು

ಈಗಿನವರಿಗೆ ಮುಖ್ಯಮಂತ್ರಿ ಎಂದರೆ ದಿನ ಬೆಳಗಾದರೆ ಪತ್ರಿಕೆಯಲ್ಲಿ ಕಾಣುವ ಮುಖ. ನಮಗೆ ಹಾಗಿರಲಿಲ್ಲ. ನಮ್ಮ ಹುಬ್ಬಳ್ಳಿ ಧಾರವಾಡ ಆಗ ಮುಂಬಯಿ ಪ್ರಾಂತದ ಬಾಲದಲ್ಲಿದ್ದವು. ಹುಟ್ಟಿದಾಗಿನಿಂದ ಕೇಳಿದ್ದು ಗೋರಾ ಗವರ್ನರನ ಹೆಸರೊಂದೇ. ಮೂವತ್ತೇಳರಲ್ಲಿ ಚುನಾವಣೆಯಾಗಿ ನಮ್ಮ ದೇಶದವರೇ ಒಬ್ಬರು ಸರಕಾರದ ಮುಖ್ಯಸ್ಥರಾದರು. ಆ ಹುದ್ದೆಗೆ ಮುಖ್ಯ ಪ್ರಧಾನ ಎನ್ನುತ್ತಿದ್ದರು. ಗವರ್ನರ ಇನ್ನೂ ತಲೆಯ ಮೇಲೆ ಕೂತೇ ಇದ್ದ. ಆದರೂ ಖಾದಿ ಟೊಪ್ಪಿಗೆಯವರು ಸಹಿ ಮಾಡಿದರೆ ಸಾಲೆ ತೆರೆಯುತ್ತದೆ ಎಂಬುದೇ ನನಗೆ ಹಬ್ಬವಾಗಿತ್ತು.

ನಾನು ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಕನ್ನಡ ಸಾಲೆಯಲ್ಲಿ ಕಲಿಸುತ್ತಿದ್ದೆ. ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕಾರು ಎನ್ನುತ್ತಾರೆ. ಸಾಲೆ ನಾಲ್ಕನೇ ಇಯತ್ತೆಗೆ, ಎಂದರೆ ನಾಲ್ಕನೇ ತರಗತಿಗೆ ಮುಗಿಯುತ್ತಿತ್ತು. ಆಮೇಲೆ ಪಾಟಿ ಅಟ್ಟಕ್ಕೆ, ಹುಡುಗಿ ಹಸೆಮಣೆಗೆ. ಮೂವತ್ತೊಂಬತ್ತರ ಮೊದಲಿಗೆ ನಾಲ್ಕನೆಯದರಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಮಗಳಿದ್ದಳು. ಬಾಯಿಲೆಕ್ಕದಲ್ಲಿ ನನ್ನನ್ನೇ ತಿದ್ದುವಂಥ ಚುರುಕು. ಅವಳನ್ನು ಮುಂದೆ ಓದಿಸಿರಿ ಎಂದು ಅವರ ಮನೆಗೇ ಹೋದೆ.

"ಐದನೇ ಇಯತ್ತೆ ಇದ್ದಿದ್ರ ಕಳಸ್ತಿದ್ದೆ, ಅಕ್ಕಾರ. ಇಲ್ಲಲ್ಲ, ಏನ್ ಮಾಡೂದು? ಗಂಡು ನೋಡಾಕತ್ತೇನಿ," ಎಂದು ಸಾಹುಕಾರರು ಕೈ ಝಾಡಿಸಿದರು. ಐದನೇ ಇಯತ್ತೆ ಬೇಕೆಂದು ನಾನು ಬರೆದ ಅರ್ಜಿಗಳಿಗೆ ಜವಾಬೇ ಇರಲಿಲ್ಲ.

ಅಷ್ಟರಲ್ಲಿ ಮುಖ್ಯ ಪ್ರಧಾನರು ಬರುವ ಸುದ್ದಿ ಬಂತು. ಧಾರವಾಡದ ಸಭೆ ಮುಗಿಸಿ ಮೋಟಾರಿನಲ್ಲಿ ಹುಬ್ಬಳ್ಳಿಗೆ ಬರುವವರಿದ್ದರು. ಸ್ವಾಗತ ಮಂಡಳಿಗೆ ಇದೇ ಸಾಹುಕಾರರು ಅಧ್ಯಕ್ಷರು. ಮಾನಪತ್ರದಲ್ಲಿ ಸಾಲೆಯ ಬಗ್ಗೆ ಒಂದು ಸಾಲು ಸೇರಿಸಿರಿ ಎಂದೆ.

"ಮಾನಪತ್ರದಾಗ ಹೊಗಳಬೇಕ್ರಿ, ಬೇಡಬಾರದು. ಹುಡುಗ್ಯಾರಿಗೆ ಒಂದ್ ಹಾಡು ಕಲಿಸ್ರಿ, ಸಾಕು. ನೀವು ಮಾತ್ರ ವೇದಿಕಿ ಕಡೆ ಬರಬ್ಯಾಡ್ರಿ. ಶುಭ ಕಾರ್ಯ ನೋಡ್ರಿ, ತಪ್ಪು ತಿಳೀಬ್ಯಾಡ್ರಿ."

ನಾನು ವಿಧವೆ. ಮೈಯೆಲ್ಲ ಉರಿದುಹೋಯಿತು. ಅವರ ಮಗಳ ಕೈ ಹಿಡಿದು ಅಕ್ಷರ ತಿದ್ದಿಸಿದಾಗ ಈ ಕೈ ಅಶುಭವಾಗಿರಲಿಲ್ಲ, ಹಾರ ಹಿಡಿದರೆ ಅಶುಭವೇ?

ದಾರಿಯುದ್ದಕ್ಕೂ ಯಾರೇ ಹಾರ ಹಿಡಿದು ನಿಂತರೂ ಮೋಟಾರು ನಿಲ್ಲುತ್ತದೆ ಎಂದು ಸಾಹುಕಾರರೇ ಡಂಗುರ ಹೊಡೆಸಿದ್ದರು. ಹಾರ ಕಂಡರೆ ನಿಲ್ಲುವುದು ಆಗಿನ ಪದ್ಧತಿ. ನಿಲ್ಲದೆ ಹೋದರೆ ಆ ಊರಿನವರಿಗೆ ಅವಮಾನ. ಯಾರೇ ಎಂದಮೇಲೆ ನಾನೂ ಅದರಲ್ಲಿ ಬಂದೆನಲ್ಲ! ಹನ್ನೊಂದು ಹುಡುಗಿಯರನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಧಾರವಾಡದ ದಾರಿಯಲ್ಲಿರುವ ರಾಯಾಪುರಕ್ಕೆ ಹೋಗಿ, ನಟ್ಟನಡುರಸ್ತೆಯಲ್ಲಿ ಹಾರ ಹಿಡಿದು ನಿಂತೆ.

ಮೋಟಾರು ನಿಂತಿತು. ಮುಖ್ಯ ಪ್ರಧಾನರು ಇಳಿದು ಬಂದು ಕತ್ತು ಬಗ್ಗಿಸಿದರು. ನಾನು ಹಾರವನ್ನು ಹಿಂದಕ್ಕೆ ಎಳೆದುಕೊಂಡೆ.

"ಹಾರ ಆಮ್ಯಾಲೆ ಹಾಕ್ತೇನ್ರಿ, ಮೊದಲ ನಮ್ಮ ಮಾತು ಕೇಳ್ರಿ. ನಮ್ಮ ಸಾಲ್ಯಾಗ ಐದನೇ ಇಯತ್ತೆ ಇಲ್ಲ. ಈ ಹುಡುಗ್ಯಾರ ಓದು ಈ ವರ್ಷಕ್ಕ ಮುಗೀತದ. ನಮಗ ಐದನೇ ಇಯತ್ತೆ ಬೇಕು."

ಅವರಿಗೆ ಕನ್ನಡ ಬಾರದು. ಅವರನ್ನು ಕರೆತರಲು ಧಾರವಾಡಕ್ಕೆ ಹೋಗಿ ಅದೇ ಮೋಟಾರಿನಲ್ಲಿ ಬಂದಿದ್ದ ಸಾಹುಕಾರರು, ಹುಡುಗಿಯರು ತಮ್ಮ ದರ್ಶನಕ್ಕೆ ಬಂದಿದ್ದಾರೆ ಎಂದು ಮರಾಠಿಯಲ್ಲಿ ಹೇಳಿ ಮುಗಿಸಿದರು. ಮರಾಠಿ ನನಗೆ ಚೆನ್ನಾಗಿಯೇ ತಿಳಿಯುತ್ತಿತ್ತು.

"ಸಾಹುಕಾರ್ರ, ನಾ ಅಂದದ್ದು ಅದಲ್ಲ. ಅಂದದ್ದನ್ನ ಹೇಳ್ರಿ. ಇಲ್ಲಾಂದ್ರ ಹಾರನೂ ಇಲ್ಲ, ದಾರಿನೂ ಇಲ್ಲ."

ಸಾಹುಕಾರರು ಬೆವರು ಒರೆಸಿಕೊಂಡು ಇದ್ದದ್ದು ಇದ್ದಹಾಗೆ ಹೇಳಿದರು. ಮುಂದೆ ಓದುವವರು ಕೈ ಎತ್ತಲಿ ಎಂದರು ಮುಖ್ಯ ಪ್ರಧಾನರು. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವುದರೊಳಗೆ ಮೊದಲ ಕೈ ಮೇಲೆದ್ದಿತ್ತು. ಯಾರ ಮಗಳು ಇವಳು ಎಂದು ಅವರು ಕೇಳಿದರೆ, ನನ್ನವಳೇ ಎಂದು ಸಾಹುಕಾರರು ನೆಲ ನೋಡಿದರು. ಮುಖ್ಯ ಪ್ರಧಾನರು ನಕ್ಕುಬಿಟ್ಟರು. ವರ್ಗ ನಾನು ಕೊಡಿಸುತ್ತೇನೆ, ಮಗಳನ್ನು ನೀವು ಕಳಿಸಬೇಕು ಎಂದರು. ನೆರೆದ ಮಂದಿಯ ಎದುರಿಗೆ ಸಾಹುಕಾರರು ಹೂಂ ಅಂದರು. ಆಗ ಹಾರ ಹಾಕಿದೆ. ವಿಧವೆಯ ಕೈಯ ಹಾರ! ಯಾರ ಮೇಲೂ ಸಿಡಿಲು ಬೀಳಲಿಲ್ಲ.

ಜೂನ್ ಬಂತು, ಮಂಜೂರಾತಿ ಬರಲಿಲ್ಲ. ಕಡತ ಮುಂಬಯಿಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದೆ ಎಂದರು. ಅಷ್ಟರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷರು ನಮ್ಮನ್ನು ಒಂದು ಮಾತು ಕೇಳದೆ ಯುದ್ಧಕ್ಕೆ ಎಳೆದರೆಂದು ದೀಪಾವಳಿಯ ಹೊತ್ತಿಗೆ ಮುಖ್ಯ ಪ್ರಧಾನರೂ ಮಂತ್ರಿಗಳೂ ರಾಜೀನಾಮೆ ಕೊಟ್ಟು ಹೊರಬಿದ್ದರು. ಸರಿಯಾಗಿಯೇ ಮಾಡಿದರು, ನನಗೂ ಅಭಿಮಾನವಾಯಿತು. ಆದರೆ ನನ್ನ ಐದನೇ ಇಯತ್ತೆ? ಗವರ್ನರನ ರಾಜ್ಯದಲ್ಲಿ ಅದನ್ನು ಕೇಳುವವರು ಯಾರು?

ಸಾಹುಕಾರರಿಗೆ ನಿರಾಳವಾಯಿತು. "ಮಾತು ಕೊಟ್ಟವರ ಹೋದ್ರು. ಇನ್ನ ನನ್ನ ಮಾತಿನದೇನು ಐತ್ರಿ?"

"ಅವರು ಕುರ್ಚಿ ಬಿಟ್ಟಾರ. ನೀವೇನು ನಾಲಿಗಿ ಬಿಟ್ಟೀರೇನು? ನಾಳೆ ಮಗಳನ್ನ ಕಳಸ್ರಿ. ಐದನೇ ಇಯತ್ತೆ ನಾ ತಗೀತೇನಿ!"

ಕಳಿಸಿದರು. ಮಂದಿಯ ಎದುರು ಹೂಂ ಅಂದದ್ದನ್ನು ನುಂಗಲು ಅವರಿಗೂ ಮುಖವಿರಲಿಲ್ಲ. ಸಾಲೆಯ ಪಡಸಾಲೆಯಲ್ಲಿ ವರ್ಗ ಶುರುವಾಯಿತು. ತಪಾಸಣೆಗೆ ಬಂದ ಸಾಹೇಬರು ಬಾಗಿಲಲ್ಲೇ ನಿಂತರು.

"ಯಾರ ಹುಕುಂ ಮ್ಯಾಲೆ ನಡಸಾಕತ್ತೀರಿ ಇದನ್ನ?"

"ಮುಂಬಯಿಯಾಗ ಕುರ್ಚಿ ಖಾಲಿ ಅದ, ಸಾಹೇಬ್ರ. ಇಲ್ಲಿ ಖಾಲಿ ಇಲ್ಲ," ಎಂದು ಪಾಠ ಮುಂದುವರಿಸಿದೆ. ಮಂಜೂರಾತಿ ಇಲ್ಲದ ವರ್ಗ ಎಂದು ಅವರು ಟಿಪ್ಪಣಿಯ ಶೇರಾ ಪುಸ್ತಕದಲ್ಲಿ ಬರೆದು ಹೋದರು. ಬರೆಯಲಿ. ನನ್ನ ಹುಡುಗಿಯರು ಅದನ್ನೂ ಓದಿದರು.

ಯುದ್ಧ ಮುಗಿದು, ನಲವತ್ತಾರರಲ್ಲಿ ಮುಂಬಯಿಯ ಆ ಕುರ್ಚಿಯಲ್ಲಿ ಮತ್ತೆ ಮುಖ್ಯ ಪ್ರಧಾನರು ಕೂತ ಮೇಲೆ ಐದನೇ ಇಯತ್ತೆಗೆ ಮಂಜೂರಾತಿ ಬಂತು. ಕಾಗದ ತಂದ ಸಿಪಾಯಿ, ಆ ವರ್ಗದ ಅಕ್ಕಾರು ಯಾರು ಎಂದು ಕೇಳಿದ. ಪಡಸಾಲೆಯ ಕಡೆ ಕೈ ತೋರಿಸಿದೆ. ಅಲ್ಲಿ ಸಾಹುಕಾರರ ಮಗಳು ಪಾಠ ಹೇಳುತ್ತಿದ್ದಳು.