ಸೀರೆಗಳ ನಡುವಿನ ಸಾಬೂನು

ಸಾಬೂನನ್ನು ಬಚ್ಚಲಲ್ಲಿ ಇಡದೆ ಸೀರೆಗಳ ನಡುವೆ ಇಡುವ ಮನೆತನ ನಮ್ಮದು. ಹೀಗೆಂದರೆ ನೀವು ನಗುತ್ತೀರಿ, ನಗಿರಿ. ಎಂಟು ದಿನದ ಹಿಂದೆ ನನ್ನ ಸೊಸೆ ಬೆಳಗಾವಿಯ ಟಿಳಕವಾಡಿಯ ಹೊಸ ಅಂಗಡಿಯೊಂದರಿಂದ ನನಗಾಗಿ ಒಂದು ಸಾಬೂನು ತಂದಳು. ನೂರು ವರ್ಷದ ಹಿಂದಿನ ಮಾದರಿಯದಂತೆ. ಬೇಕೆಂದೇ ಹಳದಿಯಾಗಿಸಿದ ಕಾಗದ, ಅದರ ಮೇಲೆ ಗುಲಾಬಿ ಹಿಡಿದು ಕೂತ ದುಂಡು ಮುಖದ ಹೆಂಗಸು, ಸುತ್ತಲೂ ಬಳ್ಳಿ. "ಅತ್ತೀ, ನಿಮ್ಮ ಕಾಲದ್ದರಿ ಇದು," ಎಂದಳು. ನನ್ನ ವಯಸ್ಸಿಗೆ ಅವಳು ಮೂವತ್ತು ವರ್ಷ ಸೇರಿಸಿದ್ದನ್ನು ಮನಸ್ಸಿನಲ್ಲೇ ಕ್ಷಮಿಸಿ ಇಸಿದುಕೊಂಡೆ. ಬಚ್ಚಲಿಗೆ ಒಯ್ಯೋಣವೆಂದು ಎದ್ದರೆ ಕಾಲುಗಳು ತಾವಾಗಿ ಕಪಾಟಿನ ಕಡೆ ನಡೆದವು.

ಇಂದು ಬೆಳಿಗ್ಗೆ ಸೀರೆ ತೆಗೆಯಲು ಕಪಾಟು ತೆರೆದೆ. ಎಂಟು ದಿನ ಮುಚ್ಚಿಟ್ಟ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಇದು ನನ್ನ ಚಿಕ್ಕಂದಿನ ಆ ವಾಸನೆಯಲ್ಲ, ಖಂಡಿತ ಅದಲ್ಲ. ಆದರೆ ಅದರ ದೂರದ ನೆಂಟ ಇರಬಹುದು. ಬಾಗಿಲು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಷ್ಟು ಹೊತ್ತಿನಲ್ಲಿ ಅಜ್ಜಿಯ ಊರು ಖಾನಾಪುರಕ್ಕೆ ಹೋಗಿ ಬಂದೆ.

ಚಿಕ್ಕವಳಿದ್ದಾಗಲೂ ಹಾಗೆಯೇ, ನಿದ್ದೆಗಣ್ಣಲ್ಲಿ ಹೋಗುತ್ತಿದ್ದೆ. ಬೇಸಗೆ ರಜೆ ಬಂತೆಂದರೆ ಅಪ್ಪ ನನ್ನನ್ನು ಬೆಳಗಾವಿಯಲ್ಲಿ ರೈಲು ಹತ್ತಿಸುತ್ತಿದ್ದರು. ರೈಲು ದೇಸೂರಿನಲ್ಲಿ ನಿಂತು ದಣಿವಾರಿಸಿಕೊಳ್ಳುವಾಗ ನಾನು ಕಣ್ಣು ಮುಚ್ಚಿದರೆ, ಖಾನಾಪುರದಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಹೆಗಲ ಮೇಲೆ ಹೊತ್ತು ಇಳಿಸುವಾಗ ಅರ್ಧ ಎಚ್ಚರ. ಪೂರ್ತಿ ಎಚ್ಚರವಾಗುತ್ತಿದ್ದದ್ದು ಆಯಿಯ ಸೆರಗು ಮೂಗಿಗೆ ತಾಗಿದಾಗ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಬೇರೆಯವರ ಅಜ್ಜಿಯಂದಿರ ಸೆರಗಿನಲ್ಲಿ ಒಗ್ಗರಣೆಯೋ ಹೊಗೆಯೋ ಇರುತ್ತಿತ್ತು. ನಮ್ಮ ಆಯಿಯ ಸೆರಗಿನಲ್ಲಿ ಮಾತ್ರ ಯಾವುದೋ ರಾಣಿಯ ತೋಟ ಇತ್ತು.

ಆ ಮನೆಯ ಸಾಮಾನುಗಳನ್ನು ನೀವು ನೋಡಬೇಕಿತ್ತು. ವಿಭೂತಿ ಇಡುತ್ತಿದ್ದದ್ದು ಮುಖಕ್ಕೆ ಹಚ್ಚುವ ಸ್ನೋದ ಬಿಳಿ ಗಾಜಿನ ಕುಪ್ಪಿಯಲ್ಲಿ. ಹಲ್ಲುಪುಡಿಯ ತಗಡಿನ ಡಬ್ಬಿಯಲ್ಲಿ ಲವಂಗ. ವಿಲಾಯತಿ ಬಿಸ್ಕೀಟಿನ ದೊಡ್ಡ ಡಬ್ಬಿಯಲ್ಲಿ ಹಪ್ಪಳ. ಹಾಗೆಂದು ಆ ಮನೆಯಲ್ಲಿ ಯಾರೂ ಸ್ನೋ ಹಚ್ಚಿದವರಲ್ಲ, ಬಿಸ್ಕೀಟು ತಿಂದವರಲ್ಲ. ಬೆಳಗಾವಿಯ ದಂಡಿನ ಕ್ಯಾಂಪಿನಲ್ಲಿ ಇಂಗ್ಲಿಷ್ ಗೋರಾ ಮಂದಿ ಬಳಸಿ ಬಿಸಾಕಿದ ಖಾಲಿ ಡಬ್ಬಿಗಳು ಆ ಕಾಲದಲ್ಲಿ ಸಂತೆಗೆ ಮಾರಲು ಬರುತ್ತಿದ್ದವಂತೆ. ಒಳಗಿನದನ್ನು ಅವರು ಉಂಡರು, ಹೊರಗಿನದನ್ನು ನಾವು ಪೂಜಿಸಿದೆವು.

ಪೂಜಿಸಿದೆವು ಎಂದದ್ದು ಉತ್ಪ್ರೇಕ್ಷೆಯಲ್ಲ. ದೇವರ ಜಗಲಿಯ ಮೇಲೆ ಕಟ್ಟು ಹಾಕಿಸಿದ ಒಂದು ಲಕ್ಷ್ಮಿಯ ಪಟವಿತ್ತು. ಮೊಣಕಾಲು ಮುಟ್ಟುವ ಕೂದಲಿನ ಲಕ್ಷ್ಮಿ. ಮರಾಠಿ ಅಕ್ಷರ ಕೂಡಿಸಿ ಓದಲು ಕಲಿತ ವರ್ಷ ನಾನು ಅದರ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟೆ. ಕೂದಲು ಉದುರುವುದಕ್ಕೆ ನಮ್ಮ ಎಣ್ಣೆಯೇ ಮದ್ದು, ಎಂದಿತ್ತು. "ಆಯಿ, ಇದು ದೇವರಲ್ಲ, ಎಣ್ಣಿ ಜಾಹೀರಾತು!" ಎಂದು ಕೂಗಿದೆ. ಆಯಿ ಊದುಬತ್ತಿ ಬೆಳಗುವುದನ್ನು ನಿಲ್ಲಿಸಲಿಲ್ಲ. "ಆಕಿ ಕೂದಲಾ ನೋಡ, ಎಷ್ಟ ಉದ್ದ ಅದಾವು. ಸುಳ್ಳ ಬರದಿರತಾರೇನ?" ಎಂದಳು.

ಒಳಗಿನದೂ ಹೊರಗಿನದೂ ಎರಡೂ ಕೂಡಿ ಆ ಮನೆಗೆ ಬಂದ ವಸ್ತು ಒಂದೇ ಒಂದು. ಅದೇ ಆ ಸಾಬೂನು. ಅಜ್ಜ ಎತ್ತಿನ ಗಾಡಿಯಲ್ಲಿ ಅಕ್ಕಿ ಹೇರಿಕೊಂಡು ಬೆಳಗಾವಿಗೆ ಹೋದಾಗ, ಮದುವೆಯಾಗಿ ಹೊಸದಾಗಿ ಬಂದ ಹೆಂಡತಿಗೆಂದು ಕ್ಯಾಂಪಿನ ಅಂಗಡಿಯಿಂದ ತಂದದ್ದು. ಸೀಗೆಕಾಯಿ, ಕಡಲೆಹಿಟ್ಟಿನಲ್ಲಿ ಮೈ ತೊಳೆಯುತ್ತಿದ್ದ ಮನೆ. ಅಜ್ಜನ ತಾಯಿ ಸಾಬೂನನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಲಿಂಗ ಇರೂ ಮೈಗೆ ದನದ ಕೊಬ್ಬ ತಿಕ್ಕೋತೀಯೇನ?" ಎಂದು ಸೊಸೆಯನ್ನು ಕೇಳಿದರಂತೆ. ಅಲ್ಲಿಗೆ ಮುಗಿಯಿತು. ಹಚ್ಚಿಕೊಳ್ಳುವಂತಿಲ್ಲ, ಗಂಡ ತಂದದ್ದು, ಎಸೆಯುವಂತೆಯೂ ಇಲ್ಲ. ಆಯಿ ಅದನ್ನು ಟ್ರಂಕಿನಲ್ಲಿ ಇಳಕಲ್ ಸೀರೆಗಳ ನಡುವೆ ಇಟ್ಟಳು. ಅಜ್ಜ ಬಹಳ ದಿನ ಬದುಕಲಿಲ್ಲ. ಅವನು ಅವಳಿಗೆಂದು ತಂದ ವಸ್ತುಗಳಲ್ಲಿ ಉಳಿದದ್ದು ಅದೊಂದೇ. ನಾನು ಹುಟ್ಟಿ, ಹತ್ತು ವರ್ಷದವಳಾಗಿ, ಬುದ್ಧಿ ಬೆಳೆಯುವ ಮೊದಲು ಕೈ ಬೆಳೆಯುವವರೆಗೂ ಅದು ಅಲ್ಲೇ ಇತ್ತು.

ಆ ವರ್ಷ ಪಾರಿಶ್ವಾಡದಲ್ಲಿ ನೆಂಟರ ಮದುವೆ. ಕಾಕಾನ ಹೆಂಡತಿ ಕಾಕು ಆಯಿಯ ಟ್ರಂಕಿನಿಂದ ರೇಷ್ಮೆ ಸೀರೆ ತೆಗೆದು ಉಟ್ಟುಕೊಂಡಳು. ಎಲ್ಲರೂ ಹೋದರು. ಕಾಲಿಗೆ ಮುಳ್ಳು ನೆಟ್ಟು ಬಾತಿತ್ತೆಂದು ನನ್ನನ್ನು ಪಕ್ಕದ ಮನೆಯ ಮುದುಕಿಯ ಕಾವಲಿನಲ್ಲಿ ಬಿಟ್ಟರು. ಕಾವಲು ಪಡಸಾಲೆಯಲ್ಲಿ ಗೊರಕೆ ಹೊಡೆಯಿತು. ನಾನು ಕುಂಟುತ್ತ ಹೋಗಿ ಟ್ರಂಕು ತೆರೆದೆ.

ಒಮ್ಮೆ ಮೂಸಿ ಇಟ್ಟುಬಿಡುವ ವಿಚಾರವೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಮೂಸಿದ ಮೇಲೆ ಒಂದೇ ಒಂದು ಸಲ ನೀರಿಗೆ ತಾಗಿಸಿ ನೋಡೋಣ ಎನಿಸಿತು. ಹಂಡೆಯಲ್ಲಿ ಬೆಚ್ಚಗಿನ ನೀರಿತ್ತು. ಹಳತಾಗಿ ಬಿರುಕು ಬಿಟ್ಟಿದ್ದ ಸಾಬೂನು ಮೊದಲು ಕಲ್ಲಿನಂತೆ ಸುಮ್ಮನಿತ್ತು. ಆಮೇಲೆ ನೊರೆ ಬಂತು ನೋಡಿ! ತೋಳು, ಕುತ್ತಿಗೆ, ಕೂದಲು, ಎಲ್ಲಿ ನೋಡಿದರೂ ನೊರೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ಗುಳ್ಳೆಗಳು ತೇಲಿದವು. ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ನನಗೆ ಇವತ್ತಿಗೂ ಅಂದಾಜಿಲ್ಲ. ಕಣ್ಣುಬಿಟ್ಟು ನೋಡಿದಾಗ ಕೈಯಲ್ಲಿ ಅರ್ಧ ಸಾಬೂನು ಉಳಿದಿತ್ತು.

ಹೆದರಿಕೆಯಲ್ಲಿ ಮನುಷ್ಯ ದಡ್ಡತನ ಮಾಡುತ್ತಾನೆ. ನಾನು ಆ ಹಸಿ ಸಾಬೂನನ್ನು ಅದೇ ಕಾಗದದಲ್ಲಿ ಸುತ್ತಿ ಸೀರೆಗಳ ನಡುವೆ ಇಟ್ಟೆ. ಮರುದಿನ ಕಾಕು ರೇಷ್ಮೆ ಸೀರೆಯನ್ನು ತಿರುಗಿ ಇಡಲು ಟ್ರಂಕು ತೆರೆದಳು. ಕೆಳಗಿನ ಇಳಕಲ್ ಸೀರೆಗೆ ಅಂಗೈ ಅಗಲದ ಕಲೆ. "ಅಯ್ಯ, ಸಾಬಾಣ ಯಾರ ಮುಟ್ಯಾರ?" ಎಂದು ಚೀರಿದಳು. "ಇಲಿ ತಿಂದಿರಬೇಕ," ಎಂದೆ, ಯಾರೂ ನನ್ನನ್ನು ಕೇಳುವ ಮೊದಲೇ.

ಆಯಿ ನನ್ನ ಮುಖ ನೋಡಿದಳು, ಕಲೆ ನೋಡಿದಳು. "ಹೌದ, ಇಲೀನ ಇರಬೇಕ," ಎಂದು ಅಟ್ಟದ ಮೇಲಿಂದ ಇಲಿಯ ಬೋನು ತೆಗೆಸಿ, ಕೊಬ್ಬರಿ ಸಿಕ್ಕಿಸಿ, ಟ್ರಂಕಿನ ಪಕ್ಕದಲ್ಲಿ ಇಟ್ಟಳು. ನನ್ನ ಎದೆ ಹಗುರವಾಯಿತು. ಸಂಜೆ ತಲೆಗೆ ಎಣ್ಣೆ ಹಚ್ಚಲು ನನ್ನನ್ನು ಮುಂದೆ ಕೂರಿಸಿಕೊಂಡಳು. ಜಡೆ ಬಿಚ್ಚಿದಳು. ಕೈ ನಿಂತಿತು. ಅವಳ ಬೆಚ್ಚನೆ ಉಸಿರು ನನ್ನ ನೆತ್ತಿಗೆ ತಾಗಿತು.

"ಈ ಇಲಿ ಭಾಳ ಗಮ್ ಅಂತೈತಲ್ಲವಾ," ಎಂದಳು.

ನಾನು ಗೊಳೋ ಎಂದು ಅತ್ತೆ. ಅಜ್ಜನ ವಸ್ತು, ನಲವತ್ತು ವರ್ಷ ಕಾಯ್ದ ವಸ್ತು, ಒಂದೇ ಸ್ನಾನಕ್ಕೆ ಅರ್ಧ ಮಾಡಿದ್ದೆ. ಆಯಿ ಬೈಯಲಿಲ್ಲ. "ಅಳಬ್ಯಾಡ. ನೊರಿ ಹೆಂಗ ಬಂತು, ಅದನ್ನ ಹೇಳ," ಎಂದಳು.

"ಆಂ?"

"ಹಸಿ ಆದ ಮ್ಯಾಲೂ ವಾಸನಿ ಇದ ಇರತೈತೋ, ಬ್ಯಾರೆ ಆಗತೈತೋ?"

ಮೂಗೊರೆಸಿಕೊಂಡು ಹೇಳಿದೆ: ನೊರೆ ಆಗ ಕರೆದ ಹಾಲಿನದರ ಹಾಗೆ. ವಾಸನೆ ಮೊದಲು ಗುಲಾಬಿ, ನೀರು ಬಿದ್ದ ಮೇಲೆ ಲಿಂಬೆ ಎಲೆ ತಿಕ್ಕಿದ ಹಾಗೆ. "ಲಿಂಬಿ ಎಲಿ," ಎಂದು ಆಯಿ ತನಗೆ ತಾನೇ ಹೇಳಿಕೊಂಡಳು. ಬಾಚಣಿಗೆ ಮತ್ತೆ ನಡೆಯಿತು, ಮಾತೂ ನಡೆಯಿತು.

"ನಿಮ್ಮಜ್ಜ ಕೇಳಿದ್ರು, ಹಚ್ಚಿಕೊಂಡ್ಯೇನ ಅಂತ. ಅತ್ತಿಯಾರು ಬ್ಯಾಡ ಅಂದಾರ ಅಂದಿದ್ರ ತಾಯಿ ಮಗ ಜಗಳಾ ಆಡತಿದ್ರು. ಹೂಂ ಅಂದ್ನಿ. ಟ್ರಂಕಿನ್ಯಾಗಿನ ಸೀರಿ ಉಟಗೊಂಡ ಬಾಜೂಕ ಹೋಗಿ ಕುಂತ್ನಿ. ಸೆರಗ ಮೂಸಿ ನಕ್ಕರು. ಹೆಂಗೈತಿ ಅಂತ ಕೇಳಿದ್ರು. ಖರೇ ಏನಂತ ಹೇಳಬೇಕ? ಬರೇ ನಕ್ನಿ. ಮುಂದ ನಾಕ ವರ್ಷಕ್ಕ ಜ್ವರದಾಗ ಹೋಗಿಬಿಟ್ರು. ನಾ ಹಚ್ಚಿಕೊಂಡೇನಿ ಅಂತನ ತಿಳಕೊಂಡ ಹೋದ್ರು."

ಹತ್ತು ವರ್ಷದ ನನಗೆ ಆಗ ತಿಳಿದದ್ದು ಇಷ್ಟೇ: ಆಯಿಯೂ ನನ್ನ ಹಾಗೆ ಸುಳ್ಳು ಹೇಳಿದ್ದಾಳೆ. ಒಳಗೊಳಗೆ ಖುಷಿಯಾಯಿತು.

ಮರುದಿನ ಬೆಳಿಗ್ಗೆ ಆಯಿ ನನ್ನನ್ನು ಬಚ್ಚಲಿಗೆ ಕರೆದು ಬಾಗಿಲು ಮುಚ್ಚಿದಳು. ಕೊರಳಲ್ಲಿದ್ದ ಲಿಂಗವನ್ನು ಸೆರಗಿನಲ್ಲಿ ಸುತ್ತಿ ಹಿಂದಕ್ಕೆ ಹಾಕಿಕೊಂಡಳು. ಅತ್ತೆ ಸತ್ತು ಎಷ್ಟೋ ವರ್ಷವಾಗಿದ್ದರೂ ಅವರ ಮಾತು ಬದುಕಿತ್ತು. "ಮೈಗೆ ಬ್ಯಾಡ, ಕೈಗಷ್ಟ," ಎಂದಳು. ನಾನು ನೀರು ಹಾಕಿದೆ. ಬಳೆ ಇಲ್ಲದ ಆ ಒಣ ಕೈಗಳಲ್ಲಿ ಮೊಣಕೈವರೆಗೂ ನೊರೆ ಏರಿತು. ಆಯಿ ತೊಳೆದುಕೊಳ್ಳಲೇ ಇಲ್ಲ. ಎರಡೂ ಕೈ ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚಿ ಕೂತಳು.

"ಹೆಂಗೈತಿ ಆಯಿ?" ಎಂದೆ.

"ಚಲೋ ಐತ್ರಿ," ಎಂದಳು.

ಆಯಿ ಎಂದೂ ನನಗೆ ರೀ ಹಚ್ಚಿ ಮಾತಾಡಿದವಳಲ್ಲ. ನಾನು ತಿರುಗಿ ನೋಡಿದೆ. ಬಚ್ಚಲಲ್ಲಿ ನಾವಿಬ್ಬರೇ ಇದ್ದೆವು.

ಉಳಿದ ಸಾಬೂನನ್ನು ಆ ರಜೆಯಲ್ಲಿ ನಾನೇ ಮುಗಿಸಿದೆ, ಅವಳ ಅಪ್ಪಣೆಯ ಮೇಲೆ. ಕಾಕುವಿನ ಬಾಯಿಗೆ ಹೆದರಿ ಬೋನು ಮಾತ್ರ ಅಲ್ಲೇ ಇತ್ತು. ಐದನೆಯ ದಿನ ಅದರಲ್ಲಿ ನಿಜವಾಗಿಯೂ ಒಂದು ಇಲಿ ಬಿತ್ತು. ಆಯಿ ಅದನ್ನು ಹಿತ್ತಲಿನಾಚೆ ಒಯ್ದು ಬಿಟ್ಟು, "ನಿಂದೇನ ತಪ್ಪಿಲ್ಲ, ಹೋಗಪಾ," ಎಂದದ್ದು ನನಗೆ ಕೇಳಿಸಿತು.

ಇಷ್ಟೆಲ್ಲ ನೋಡಿ ಬರುವಷ್ಟರಲ್ಲಿ ಅಡುಗೆಮನೆಯಿಂದ ಸೊಸೆಯ ದನಿ ಬಂತು. "ಅತ್ತೀ, ಆ ಸಾಬಾಣ ಹೆಂಗೈತ್ರಿ? ಹೇಳಲೇ ಇಲ್ಲಲ್ಲರಿ."

ಚಲೋ ಐತಿ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಪಾಟಿನ ಸೀರೆ ಉಟ್ಟು ಹೋಗಿದ್ದರೆ ಗಮ್ಮೆನ್ನುತ್ತಿತ್ತು, ಅವಳು ನಂಬುತ್ತಿದ್ದಳು. ನಂಬಿ, ಖುಷಿಪಟ್ಟು, ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಆಯಿಯ ಆ ಹೂಂ ನೆನಪಾಗಿ ನನಗೆ ಭಯವಾಯಿತು.

"ಇನ್ನೂ ಹಚ್ಚಿಕೊಂಡಿಲ್ಲವಾ. ತಡಿ," ಎಂದೆ.

ಕಾಗದ ಬಿಚ್ಚಿದೆ. ದುಂಡು ಮುಖದ ಹೆಂಗಸನ್ನು ಮಾತ್ರ ಮಡಚಿ ಸೀರೆಗಳ ನಡುವೆಯೇ ಇಟ್ಟೆ, ಹುಟ್ಟುಗುಣ ಎಲ್ಲಿ ಹೋಗುತ್ತದೆ! ಬಚ್ಚಲಿಗೆ ಹೋಗಿ ಮೊಣಕೈವರೆಗೂ ತಿಕ್ಕಿಕೊಂಡೆ. ನೊರೆ ಬಂತು. ಲಿಂಬೆ ಎಲೆ ಇರಲಿಲ್ಲ, ಬೇರೆ ಏನೋ ಇತ್ತು, ಅದೂ ಚೆನ್ನಾಗಿಯೇ ಇತ್ತು. ತೊಳೆದುಕೊಳ್ಳದೆ ಹಾಗೆಯೇ ಎರಡೂ ಕೈ ಚಾಚಿಕೊಂಡು ಅಡುಗೆಮನೆಗೆ ನಡೆದೆ.

"ಅಯ್ಯ ಅತ್ತೀ, ನೆಲಾ ಒದ್ದಿ ಆತ್ರಿ, ಜಾರತೀರಿ!" ಎಂದು ಸೊಸೆ ಒಲೆ ಆರಿಸಿ ಓಡಿ ಬಂದಳು.

"ಮೂಸ ನೋಡ," ಎಂದೆ.

ಅವಳು ನನ್ನ ಎರಡೂ ಮಣಿಕಟ್ಟು ಹಿಡಿದುಕೊಂಡು ಬಗ್ಗಿದಳು. ಮೂಗಿನ ತುದಿಗೆ ಚೂರು ನೊರೆ ಅಂಟಿತು.

"ಚಲೋ ಐತ್ರಿ," ಎಂದಳು.