ಮಂಗಳವಾರದಿಂದ ಹಸಿರು

ಹಾಸನದ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹೊಳೇನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಅದರ ಶಾಖೆಗಳಿದ್ದವು. ಹಾಸನದ ಸರ್ವರ್‌ನಲ್ಲಿ ಬರೆದದ್ದೆಲ್ಲ ಆ ಕ್ಷಣವೇ ಉಳಿದ ಮೂರು ಊರಿನ ಸರ್ವರ್‌ಗಳಿಗೂ ನಕಲಾಗಬೇಕು. ನಕಲು ನಡೆಯುತ್ತಿದೆಯೇ, ಯಾವುದಾದರೂ ಹಿಂದೆ ಬಿದ್ದಿದೆಯೇ ಎಂದು ದಿನಾ ಬೆಳಿಗ್ಗೆ ಹತ್ತಕ್ಕೆ ನೋಡುವುದು ನನ್ನ ಕೆಲಸ. ಅದಕ್ಕೆ ನಾನೇ ಒಂದು ಪುಟ ಮಾಡಿಕೊಂಡಿದ್ದೆ. ನಾಲ್ಕು ಊರಿನ ಹೆಸರು, ಪಕ್ಕದಲ್ಲಿ ನಾಲ್ಕು ಚುಕ್ಕಿ. ಹಸಿರಾದರೆ ಕ್ಷೇಮ, ಕೆಂಪಾದರೆ ಕೆಟ್ಟಿದೆ. ನಾಲ್ಕೂ ಹಸಿರು ಕಂಡರೆ ಲ್ಯಾಬಿನ ವಾಟ್ಸಾಪ್ ಗ್ರೂಪಿನಲ್ಲಿ ‘ಎಲ್ಲ ಸರ್ವರ್‌ಗಳೂ ಕ್ಷೇಮ’ ಎಂದು ಹಾಕಿ ಕಾಫಿಗೆ ಹೋಗುತ್ತಿದ್ದೆ.

ಒಂದು ಶುಕ್ರವಾರ ಹಾಗೆ ಕಾಫಿ ಕುಡಿಯುತ್ತಿದ್ದಾಗ ಅರಕಲಗೂಡು ಶಾಖೆಯ ಸಿಸ್ಟರ್ ಫೋನ್ ಮಾಡಿದರು. ನನಗಿಂತ ಹಿರಿಯರು. ಜೋರು ದನಿ.

“ಸಾ, ಇಲ್ಲೊಬ್ರು ಯಜಮಾನ್ರು ಬಂದವ್ರೆ. ಬುಧವಾರ ಹಾಸನದಾಗೆ ರಕ್ತ ಕೊಟ್ರಂತೆ. ನಮ್ ಕಂಪ್ಯೂಟರ್ನಾಗೆ ಅವ್ರೆಸ್ರೇ ಇಲ್ಲ.”

“ಸರಿಯಾಗಿ ಹುಡುಕಿ ಸಿಸ್ಟರ್. ಈಗಷ್ಟೇ ನೋಡ್ದೆ, ನಿಮ್ಮ ಸರ್ವರ್ ಹಸಿರಾಗೇ ಇದೆ.”

ಅಷ್ಟರಲ್ಲಿ ಯಜಮಾನರೇ ಫೋನ್ ಕಿತ್ತುಕೊಂಡರು. “ನೋಡಪ್ಪಾ, ಅವ್ರು ಅಂಟ್ಸಿದ್ ಅತ್ತಿ ಇನ್ನೂ ಕೈಮ್ಯಾಗೇ ಐತೆ. ರಕ್ತ ತಗಂಡ್ಬುಟ್ಟು ಈಗ ನೀನ್ಯಾರು ಅಂದ್ರೆ ಎಂಗೆ? ಕಾಣ್ತಾ ಐತಾ?”

ಫೋನಿಗೆ ತೋಳು ಹಿಡಿದಿದ್ದರೆಂದು ತೋರುತ್ತದೆ. “ಕಾಣ್ತಿದೆ ಯಜಮಾನ್ರೇ” ಎಂದೆ. ಬೇರೇನು ಹೇಳಲಿ?

ಹೋಗಿ ಪುಟವನ್ನು ಮತ್ತೆ ನೋಡಿದೆ. ನಾಲ್ಕೂ ಹಸಿರು. ಆಮೇಲೆ ಮೂಲೆಯಲ್ಲಿದ್ದ ಸಣ್ಣ ಅಕ್ಷರದ ಕಡೆ ಕಣ್ಣು ಹೋಯಿತು: ಕೊನೆಯ ತಪಾಸಣೆ ಮಂಗಳವಾರ, ಹತ್ತು ಗಂಟೆ ಐದು ನಿಮಿಷ. ಅವತ್ತು ಏನೋ ರಿಪೇರಿಗೆಂದು ಚುಕ್ಕಿಗಳ ಬಣ್ಣ ಬದಲಿಸುವ ತಪಾಸಣೆಯ ಪ್ರೋಗ್ರಾಮನ್ನು ನಿಲ್ಲಿಸಿದವನು ಮತ್ತೆ ಶುರು ಮಾಡುವುದನ್ನೇ ಮರೆತಿದ್ದೆ. ಮೂರು ದಿನದಿಂದ ಮಂಗಳವಾರವನ್ನೇ ನೋಡಿ ಊರಿಗೆಲ್ಲ ಕ್ಷೇಮ ಸಾರಿದ್ದೆ. ಪ್ರೋಗ್ರಾಮನ್ನು ಶುರು ಮಾಡಿದ ಕೂಡಲೇ ಅರಕಲಗೂಡಿನ ಚುಕ್ಕಿ ಕೆಂಪಾಯಿತು. ಇಲ್ಲಿಂದ ಎಷ್ಟು ಕರೆದರೂ ಆ ಸರ್ವರ್ ಓಗೊಡಲಿಲ್ಲ. ಬೈಕ್ ಹತ್ತಿದೆ.

ಹೋಗಿ ನೋಡಿದರೆ ಸರ್ವರ್‌ನ ಡಿಸ್ಕ್‌ನಲ್ಲಿ ಒಂದಿಷ್ಟೂ ಜಾಗವಿಲ್ಲ. ತುಂಬಿದ್ದು ರಕ್ತದ ರಿಪೋರ್ಟಲ್ಲ, ಮದುವೆಯ ವಿಡಿಯೋ. ಚಪ್ಪರ ಹಾಕುವುದರಿಂದ ಬೀಗರೂಟದವರೆಗೆ.

ಸಿಸ್ಟರ್ ದನಿ ಮೊದಲ ಸಲ ತಗ್ಗಿತು. “ನಮ್ ಮಗಳ್ದು ಸಾ. ಮಂಗಳವಾರ ಸಂಜೆ ಆಕ್ದೆ. ಇದ್ರಾಗೆ ಆಕಿದ್ದು ನಾಲ್ಕೂರ್ನಾಗೂ ಭದ್ರವಾಗಿರ್ತದೆ ಅಂತ ನೀವೇ ಏಳಿದ್ರಲ್ಲಾ.”

ಹೇಳಿದ್ದೆ. ಸರ್ವರ್ ಕೂರಿಸಿದ ದಿನ, ಎದೆಯುಬ್ಬಿಸಿಕೊಂಡು.

“ಅದು ರಿಪೋರ್ಟಿಗೆ ಮಾತ್ರ ಸಿಸ್ಟರ್.”

“ಅಂಗಾರೆ ಚನ್ನರಾಯಪಟ್ಟಣದಾಗೆ ಮದ್ವೆ ಇಲ್ವಾ?”

“ಎಲ್ಲೂ ಇಲ್ಲ. ಇಲ್ಲೊಂದೇ ಇರೋದು.”

ಅವರ ಮುಖ ನೋಡಲಾಗಲಿಲ್ಲ. ಅಳಿಸದೆ, ನನ್ನ ಬ್ಯಾಗಿನಲ್ಲಿದ್ದ ಹಾರ್ಡ್ ಡಿಸ್ಕ್‌ಗೆ ಎಲ್ಲವನ್ನೂ ಸಾಗಿಸಿದೆ. ಅದಕ್ಕೆ ಒಂದು ಗಂಟೆ ಹಿಡಿಯಿತು. ಯಜಮಾನರು ಬೆಂಚಿನಿಂದ ಎದ್ದು ಬಂದು, “ಊಟಕ್ಕೇನ್ ಮಾಡ್ಸಿದ್ರವ್ವಾ?” ಎಂದು ವಿಚಾರಿಸಿದರು. ಸಿಸ್ಟರ್ ಹೋಳಿಗೆಯಿಂದ ಶುರು ಮಾಡಿ ಎಲೆಯ ತುದಿಯವರೆಗೂ ಹೇಳಿದರು.

ಜಾಗವಾದದ್ದೇ ತಡ, ಹಾಸನದಲ್ಲಿ ಕಾದಿದ್ದ ಮೂರು ದಿನದ ರಿಪೋರ್ಟುಗಳು ಸರಸರ ಇಳಿದವು. ಯಜಮಾನರ ಹೆಸರೂ ಬಂತು, ಸಕ್ಕರೆಯೂ ಬಂತು, ಬೇಕಾದ್ದಕ್ಕಿಂತ ಹೆಚ್ಚಾಗಿ. ಸಿಸ್ಟರ್ ಕಾಗದ ಕೊಟ್ಟು, “ಸಿಹಿ ಮುಟ್ಬ್ಯಾಡಿ” ಎಂದರು.

“ಓಳಿಗೆ ಕತೆ ಏಳೋಕ್ಮುಂಚೆ ಏಳ್ಬಾರ್ದಾ?” ಎಂದು ಗೊಣಗುತ್ತಾ ಅವರು ಮೆಟ್ಟಿಲಿಳಿದರು.

ಸಂಜೆ ಮಾಲೀಕರೆದುರು ನಿಂತು ನನ್ನ ತಪ್ಪನ್ನು ಒಪ್ಪಿಕೊಂಡೆ. ಬೈದರು, ಬೈಸಿಕೊಂಡೆ. ಕೊನೆಗೆ, “ಅದ್ಸರಿ, ಡಿಸ್ಕ್ ಯಾಕ್ರೀ ತುಂಬ್ತು?” ಎಂದರು.

“ಯಾವ್ದೋ ಹಳೇ ಫೈಲು ಸೇರ್ಕೊಂಡಿತ್ತು ಸಾರ್” ಎಂದೆ. ಸಿಸ್ಟರ್ ಮಗಳ ಮದುವೆಯಾಗಿ ಎರಡು ವರ್ಷವಾಗಿತ್ತು. ಪೂರ್ತಿ ಸುಳ್ಳೇನಲ್ಲ.